ಕಾಲ್ ಮಾಡಿದರೆ ಸ್ಕ್ರೀನ್ ಕಪ್ಪು: ಪ್ರಾಕ್ಸಿಮಿಟಿ ಸೆನ್ಸರ್ ಆಫ್ ಮಾಡುವ ಮುನ್ನ

ಬ್ಯಾಂಕಿನ ಕಸ್ಟಮರ್ ಕೇರ್‌ಗೆ ಫೋನ್ ಮಾಡುತ್ತೀರಿ. ಭಾಷೆ ಆರಿಸಿಕೊಳ್ಳಿ, ಅಂಕಿ ಒತ್ತಿ ಎನ್ನುವಷ್ಟರಲ್ಲಿ ಸ್ಕ್ರೀನ್ ಕಪ್ಪು. ಫೋನನ್ನು ಕಿವಿಯಿಂದ ತೆಗೆದು ಕೈಚಾಚಿ ಹಿಡಿದರೂ ಕೀಪ್ಯಾಡ್ ಬರುವುದಿಲ್ಲ. ಯಾವ ಅಂಕಿಯನ್ನೂ ಒತ್ತಿಲ್ಲವೆಂದು ಆ ಕಡೆಯವರೇ ಕಾಲ್ ಮುಗಿಸುತ್ತಾರೆ. ಇಂಥ ಫೋನ್ ಇಟ್ಟುಕೊಂಡವರೆಲ್ಲ ಕೇಳುವುದು ಒಂದೇ: ಈ ಪ್ರಾಕ್ಸಿಮಿಟಿ ಸೆನ್ಸರ್ ಆಫ್ ಮಾಡೋದು ಹೇಗೆ?

ಕಾಲ್ ವೇಳೆ ಫೋನ್ ಕಿವಿಗೆ ಹತ್ತಿರ ಬಂದದ್ದನ್ನು ಗುರುತಿಸುವ ಸೆನ್ಸರ್ ಇದು, ಕೆನ್ನೆ ತಾಗಿ ಬಟನ್ ಒತ್ತಿಹೋಗದಂತೆ ಸ್ಕ್ರೀನ್ ಆರುವುದು ಇದರಿಂದಲೇ. ಆಫ್ ಮಾಡಲು ದಾರಿ ಇದೆ, ಮುಂದೆ ಹೇಳುತ್ತೇನೆ. ಆದರೆ ಇಂಥ ಫೋನ್‌ಗಳಲ್ಲಿ ಬಹಳಷ್ಟು ಸಲ ಸೆನ್ಸರ್ ಕೆಟ್ಟೇ ಇರುವುದಿಲ್ಲ. ಅದರ ಮುಂದೆ ನಿಜವಾಗಿಯೂ ಏನೋ ಇರುತ್ತದೆ, ಇದೆ ಎಂದೇ ಅದು ಹೇಳುತ್ತಿರುತ್ತದೆ. ಆ ‘ಏನೋ’ ಏನೆಂದು ಪತ್ತೆಯಾದರೆ ಆಫ್ ಮಾಡುವ ಪ್ರಮೇಯವೇ ಬರುವುದಿಲ್ಲ.

ಸದ್ಯಕ್ಕೆ ಕೈಯಲ್ಲಿರುವ ಕಾಲ್

ಕಾಲ್ ನಡುವೆಯೇ ಸಿಕ್ಕಿಹಾಕಿಕೊಂಡಿದ್ದರೆ ವೈರ್ ಇಯರ್‌ಫೋನ್ ಚುಚ್ಚಿ, ಅಥವಾ ಮೊದಲೇ ಜೋಡಿಸಿಟ್ಟ ಬ್ಲೂಟೂತ್ ಬಡ್ಸ್ ಡಬ್ಬಿಯಿಂದ ಹೊರತೆಗೆಯಿರಿ. ದನಿ ಇಯರ್‌ಪೀಸ್ (ಕಿವಿಗಿಡುವ ಮೇಲ್ತುದಿಯ ಪುಟ್ಟ ಸ್ಪೀಕರ್) ಬಿಟ್ಟು ಬೇರೆ ಕಡೆಗೆ ಹೋದರೆ ಫೋನ್ ಆ್ಯಪ್ ಸೆನ್ಸರ್‌ನ ಮಾತು ಕೇಳುವುದನ್ನು ನಿಲ್ಲಿಸುತ್ತದೆ, ಸ್ಕ್ರೀನ್ ವಾಪಸ್ ಬರುತ್ತದೆ. ಸ್ಪೀಕರ್ ಆನ್ ಮಾಡಿದರೂ ಅಷ್ಟೇ. ಆದರೆ ಕಪ್ಪಾದ ಸ್ಕ್ರೀನಿನಲ್ಲಿ ಸ್ಪೀಕರ್ ಬಟನ್ ಎಲ್ಲಿದೆ ಎಂದು ಹುಡುಕುವುದು? ಅದಕ್ಕೇ ರಿಪೇರಿ ಆಗುವವರೆಗೆ ಇಯರ್‌ಫೋನ್ ಚುಚ್ಚಿಕೊಂಡೇ ಡಯಲ್ ಮಾಡುವುದು ವಾಸಿ.

ಕಾಲ್ ಕಟ್ ಮಾಡಲು ಆಗದಿರುವುದು ಇನ್ನೊಂದು ಪೀಕಲಾಟ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ತೆರೆದರೆ ಪವರ್ ಬಟನ್ ಒತ್ತಿ ಕಾಲ್ ಮುಗಿಸುವ ಆಯ್ಕೆ ಸಿಗುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಫೋನ್ ಆ್ಯಪಿನ ಸೆಟ್ಟಿಂಗ್ಸ್‌ನೊಳಗೆ, ಕಾಲ್ ಸ್ವೀಕರಿಸುವ–ಮುಗಿಸುವ ವಿಭಾಗದಲ್ಲೂ ಇದು ಇದೆ. ಸೆನ್ಸರ್ ಸ್ಕ್ರೀನ್ ಆರಿಸಿದ್ದರೂ ಬಟನ್ ಕೆಲಸ ಮಾಡುತ್ತದೆ. ಮನೆಯಲ್ಲಿ ಅಜ್ಜ ಅಜ್ಜಿ ಬಳಸುವ ಫೋನಾದರೆ ಇವತ್ತೇ ಇದನ್ನು ಆನ್ ಮಾಡಿಕೊಡಿ. ಕಾಲ್ ಕಟ್ ಆಗಲಿಲ್ಲ ಎಂದು ಗಾಬರಿಯಿಂದ ಫೋನನ್ನು ದಿಂಬಿನ ಕೆಳಗೆ ತುರುಕುವವರನ್ನು ನೋಡಿದ್ದೇನೆ.

ಸೆನ್ಸರ್ ನೋಡುವ ಬಗೆ

ಇಯರ್‌ಪೀಸ್ ಪಕ್ಕದಲ್ಲಿ ಪುಟ್ಟದೊಂದು ಇನ್‌ಫ್ರಾರೆಡ್ ಎಲ್‌ಇಡಿ, ಅದರ ಬಗಲಲ್ಲೇ ಬೆಳಕು ಅಳೆಯುವ ಫೋಟೊಡಯೋಡ್. ಎಲ್‌ಇಡಿ ಬಿಟ್ಟು ಬಿಟ್ಟು ಮಿಡಿಯುತ್ತದೆ. ಸಾಮಾನ್ಯವಾಗಿ 850ರಿಂದ 940 ನ್ಯಾನೊಮೀಟರ್‌ನ ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. ಅದು ಕೆನ್ನೆಗೆ ಬಡಿದು ಹಿಂದಿರುಗಿದರೆ ಡಯೋಡಿನ ಅಂಕಿ ಏರುತ್ತದೆ. ಅಂಕಿ ಮೇಲಿನ ಗೆರೆ ದಾಟಿದರೆ ‘ಹತ್ತಿರ’, ಕೆಳಗಿನ ಗೆರೆಗಿಂತ ಇಳಿದರೆ ‘ದೂರ’. ಒಂದೇ ಗೆರೆ ಇದ್ದಿದ್ದರೆ ಅಂಕಿ ಅದರ ಆಚೀಚೆ ಓಲಾಡಿದಾಗೆಲ್ಲ ಸ್ಕ್ರೀನ್ ಮಿಣುಕುತ್ತಿತ್ತು, ಅದಕ್ಕೇ ಎರಡು ಗೆರೆ. ಸಾಮಾನ್ಯ ಫೋನುಗಳಲ್ಲಿ ಇದರ ದೃಷ್ಟಿ 5 ಸೆಂಟಿಮೀಟರ್ ಆಸುಪಾಸಿನದು.

ಈಗ ಮುಖ್ಯ ಸಂಗತಿಗೆ ಬರೋಣ. ಬೆಳಕು ಕೆನ್ನೆಯಿಂದ ಮಾತ್ರ ಹಿಂದಿರುಗುವುದಿಲ್ಲ. ಸೆನ್ಸರ್ ಮೇಲಿರುವ ಗಾಜಿನ ಒಳಮೈಯಿಂದಲೂ ಒಂದಿಷ್ಟು ಸದಾ ಹಿಂದಿರುಗುತ್ತಿರುತ್ತದೆ. ಕಂಪನಿಯವರು ಅದನ್ನು ಅಳೆದು, ‘ಇಷ್ಟನ್ನು ಲೆಕ್ಕಕ್ಕೆ ತಗೋಬೇಡ’ ಎಂದು ಫೋನಿನೊಳಗೆ ಬರೆದಿಟ್ಟಿರುತ್ತಾರೆ. ಗಾಜಿನ ಮೇಲೆ ಇನ್ನೊಂದು ಗಾಜು, ಎಣ್ಣೆ, ಧೂಳು ಕೂತರೆ ಈ ಲೆಕ್ಕ ಕೆಡುತ್ತದೆ. ಹಿಂದಿರುಗುವ ಬೆಳಕು ಮೇಲಿನ ಗೆರೆಯನ್ನೇ ದಾಟಿದರೆ ಡಯಲ್ ಒತ್ತಿದ ಕ್ಷಣವೇ ಸ್ಕ್ರೀನ್ ಆರುತ್ತದೆ. ಎರಡು ಗೆರೆಗಳ ನಡುವೆ ನಿಂತರೆ ಕಥೆಯೇ ಬೇರೆ: ಡಯಲ್ ಮಾಡಿದಾಗ ಎಲ್ಲ ಸರಿ, ಒಮ್ಮೆ ಕಿವಿಗಿಟ್ಟ ಮೇಲೆ ಎಷ್ಟು ದೂರ ತಂದರೂ ಸ್ಕ್ರೀನ್ ಬಾರದು. ಕೆಳಗಿನ ಗೆರೆಗೆ ಅಂಕಿ ಇಳಿಯುವುದೇ ಇಲ್ಲವಲ್ಲ! ‘ಒಂದೊಂದು ಸಲ ಸರಿ ಇರುತ್ತೆ, ಒಂದೊಂದು ಸಲ ಇಲ್ಲ’ ಎಂದು ಜನ ಹೇಳುವ ಎಷ್ಟೋ ಫೋನ್‌ಗಳ ಗುಟ್ಟು ಇದೇ.

ತಪ್ಪು ಸೆನ್ಸರಿನದೇ ಹೌದೇ?

ಸ್ಪೀಕರ್ ಹಾಕಿ ಒಂದು ಕಾಲ್ ಮಾಡಿ, ಫೋನನ್ನು ಮೇಜಿನ ಮೇಲಿಡಿ. ಆಗಲೂ ಸ್ಕ್ರೀನ್ ಆರಿದರೆ ಸೆನ್ಸರನ್ನು ಬೈಯಬೇಡಿ, ಅದು ಸ್ಕ್ರೀನ್ ಟೈಮ್‌ಔಟ್. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 15 ಸೆಕೆಂಡಿಗೆ ಇಟ್ಟಿದ್ದರೆ ಒಂದು ನಿಮಿಷಕ್ಕೆ ಏರಿಸಿ, ಮುಗಿಯಿತು. ಸ್ಪೀಕರ್‌ನಲ್ಲಿ ಆರದೆ, ಇಯರ್‌ಪೀಸ್‌ನಲ್ಲಿ ಮಾತ್ರ ಆರಿದರೆ ಮುಂದೆ ಓದಿ.

ಮಾಮೂಲಿ ಕಾಲ್‌ನಲ್ಲಿ ತೊಂದರೆ ಇದೆ, ವಾಟ್ಸಾಪ್ ಕಾಲ್‌ನಲ್ಲಿ ಇಲ್ಲ ಎಂದಾದರೆ ಅನುಮಾನ ಫೋನ್ ಆ್ಯಪಿನ ಮೇಲೆ. ‘ಹತ್ತಿರ ಏನಾದರೂ ಬಂದರೆ ಸ್ಕ್ರೀನ್ ಆರಿಸು’ ಎಂದು ಸಿಸ್ಟಮ್‌ಗೆ ಹೇಳುವುದು ಆಯಾ ಆ್ಯಪ್. 2014ರ ಆಂಡ್ರಾಯ್ಡ್ 5.0ರಿಂದ ಈ ಸೌಲಭ್ಯ ಎಲ್ಲ ಆ್ಯಪ್‌ಗಳಿಗೂ ಮುಕ್ತ. ಹಾಗಾಗಿ ಒಂದರಲ್ಲಿ ಬಗ್ ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಫೋನ್ ಆ್ಯಪಿನ ಅಪ್‌ಡೇಟ್‌ಗಳನ್ನು ಅನ್‌ಇನ್‌ಸ್ಟಾಲ್ ಮಾಡಿ, ಕ್ಯಾಶ್ ಅಳಿಸಿ, ಫೋನ್ ರೀಸ್ಟಾರ್ಟ್ ಮಾಡಿ ನೋಡಿ. ಎರಡರಲ್ಲೂ ತೊಂದರೆ ಇದ್ದರೆ ಸೆನ್ಸರ್ ಕಡೆಗೇ ಹೋಗಬೇಕು.

ವಾಟ್ಸಾಪ್‌ನದೇ ಇನ್ನೊಂದು ದೂರು ಇದೆ: ವಾಯ್ಸ್ ಮೆಸೇಜ್ ಕೇಳುತ್ತಿದ್ದಾಗ ಇದ್ದಕ್ಕಿದ್ದಂತೆ ದನಿ ಸಣ್ಣಗಾಗಿ ಸ್ಕ್ರೀನ್ ಆರುತ್ತದೆ. ಅದು ದೋಷವಲ್ಲ, ವಾಟ್ಸಾಪ್ ಬೇಕೆಂದೇ ಮಾಡಿರುವ ಏರ್ಪಾಡು. ಫೋನ್ ಕಿವಿಗಿಟ್ಟರೆ ಮೆಸೇಜ್ ಸ್ಪೀಕರ್ ಬಿಟ್ಟು ಇಯರ್‌ಪೀಸ್‌ನಲ್ಲಿ ಕೇಳಲಿ, ಬಸ್ಸಿನಲ್ಲಿ ಕೂತವರಿಗೆಲ್ಲ ಕೇಳದಿರಲಿ ಎಂಬ ಉದ್ದೇಶ. ಆದರೆ ಫೋನನ್ನು ಮೇಜಿನ ಮೇಲಿಟ್ಟಾಗಲೂ ಹಾಗಾಗುತ್ತಿದ್ದರೆ ಸೆನ್ಸರ್ ‘ಹತ್ತಿರ’ದಲ್ಲೇ ಸಿಕ್ಕಿಹಾಕಿಕೊಂಡಿದೆ ಎಂದರ್ಥ. ಪರೀಕ್ಷೆಗೆ ಇದೊಂದು ಒಳ್ಳೆ ದಾರಿ, ಯಾರಿಗೂ ಕಾಲ್ ಮಾಡಬೇಕಾಗಿಲ್ಲ.

ಅಂಕಿ ನೋಡಿ, ಊಹೆ ಬೇಡ

ಸ್ಯಾಮ್‌ಸಂಗ್ ಆದರೆ ಅದರದೇ ಡಯಲರ್‌ನಲ್ಲಿ *#0*# ಒತ್ತಿ. ಟೆಸ್ಟ್ ಪುಟದಲ್ಲಿ ‘ಸೆನ್ಸರ್’ ಒತ್ತಿದರೆ ಪ್ರಾಕ್ಸಿಮಿಟಿಯ ಎಡಿಸಿ ಅಂಕಿ, ಅಂದರೆ ಹಿಂದಿರುಗಿದ ಬೆಳಕಿನ ಅಳತೆ, ಕಾಣುತ್ತದೆ. ಕೈ ಹತ್ತಿರ ತಂದರೆ ಅಂಕಿ ಏರಿ, ಫೋನ್ ನಡುಗಿ, ಪುಟದ ಬಣ್ಣ ಬದಲಾಗುತ್ತದೆ. ಶಿಯೋಮಿ, ರೆಡ್ಮಿ, ಪೊಕೊಗಳಲ್ಲಿ *#*#6484#*#* ಒತ್ತಿದರೆ ಸಿಐಟಿ ಎಂಬ ಪರೀಕ್ಷಾ ಪಟ್ಟಿ ತೆರೆಯುತ್ತದೆ. ಒಪ್ಪೊ, ರಿಯಲ್‌ಮಿಗಳಲ್ಲಿ *#899#. ಬೇರೆ ಫೋನ್ ಆದರೆ ಪ್ಲೇ ಸ್ಟೋರ್‌ನಿಂದ ಸಿಪಿಯು-ಝಡ್ ಎಂಬ ಆ್ಯಪ್ ಹಾಕಿಕೊಂಡು ಸೆನ್ಸರ್ಸ್ ಪುಟಕ್ಕೆ ಹೋಗಿ. ಅಲ್ಲಿ ಕಾಣುವುದು ಬೆಳಕಿನ ಅಂಕಿಯಲ್ಲ, ದೂರದ್ದು. ಹೆಚ್ಚಿನ ಫೋನ್‌ಗಳು ಎರಡೇ ಅಂಕಿ ತೋರಿಸುತ್ತವೆ: ಹತ್ತಿರವಿದ್ದರೆ 0, ದೂರವಿದ್ದರೆ 5 ಅಥವಾ ಆ ಫೋನಿನ ಗರಿಷ್ಠ ಅಂಕಿ. ಕಾಲ್ ಇಲ್ಲದಿರುವುದರಿಂದ ಸ್ಕ್ರೀನ್ ಆರುವುದಿಲ್ಲ, ಆರಾಮಾಗಿ ನೋಡಬಹುದು.

ಮುಂದೆ ಏನೂ ಇಲ್ಲದಿದ್ದರೂ 0 ತೋರಿಸುತ್ತಿದೆಯೇ? ಪುಟವನ್ನು ಹಾಗೇ ತೆರೆದಿಟ್ಟು, ಸ್ಕ್ರೀನ್ ಗಾರ್ಡಿನ ಮೇಲ್ತುದಿಗೆ ಉಗುರು ಕೊಟ್ಟು ಇಯರ್‌ಪೀಸ್ ಬಳಿ ಒಂದು ಚೂರು ಎತ್ತಿ. 0 ಇದ್ದದ್ದು 5 ಆಯಿತು, ಬಿಟ್ಟ ಕೂಡಲೇ ಮತ್ತೆ 0 ಎಂದಾದರೆ ಕಳ್ಳ ಸಿಕ್ಕ. ಗಾರ್ಡ್ ತೆಗೆದೆಸೆಯಿರಿ.

ಗ್ಲಾಸ್ ಎಂಬ ಮೊದಲ ಆರೋಪಿ

ಅಂಗಡಿಯಲ್ಲಿ 11ಡಿ ಗ್ಲಾಸ್ ಎಂದು ಕೊಡುತ್ತಾರಲ್ಲ, ಸುತ್ತ ಕಪ್ಪು ಅಂಚಿನದು, ಅದರ ಅಂಚಿನ ಕಪ್ಪು ಬಣ್ಣ ಸೆನ್ಸರ್ ಕಿಂಡಿಯ ಮೇಲೆ ಬಂದರೆ ಎಲ್‌ಇಡಿ ಬೆಳಕು ಅಲ್ಲಿಂದಲೇ ವಾಪಸ್. ನಿಮ್ಮ ಮಾಡೆಲಿಗೆ ಗ್ಲಾಸ್ ಇಲ್ಲವೆಂದು ‘ಇದೂ ಅದೇ ಸೈಜು’ ಎಂದು ಬೇರೆ ಮಾಡೆಲಿನದನ್ನು ಅಂಟಿಸಿದಾಗ ಹೀಗಾಗುವುದು ಹೆಚ್ಚು. ಕ್ಯಾಮೆರಾ ತೂತು ಸರಿಯಾಗಿ ಕೂತರೂ ಸೆನ್ಸರ್ ಕಿಂಡಿ ಮುಚ್ಚಿಹೋಗಿರುತ್ತದೆ. ಬಿಳಿ ಪಾರದರ್ಶಕ ಗ್ಲಾಸ್ ಕೂಡ ನಿರಪರಾಧಿಯಲ್ಲ: ಅಂಚಿಗಷ್ಟೇ ಅಂಟಿದ್ದು ನಡುವೆ ಗಾಳಿ ಇದ್ದರೆ ಬೆಳಕಿಗೆ ಹಿಂದಿರುಗಲು ಹೊಸ ಮೈಗಳು ಸಿಕ್ಕಂತಾಯಿತು. ದ್ರವದ ಅಂಟು ಹಾಕಿ ಯುವಿ ಬೆಳಕಿನಿಂದ ಗಟ್ಟಿ ಮಾಡುವ ಯುವಿ ಗ್ಲಾಸಿನ ಅಂಟು ಇಯರ್‌ಪೀಸ್ ಜಾಲರಿಯೊಳಗೆ ಇಳಿದರಂತೂ ದನಿಯೂ ಹೋಗುತ್ತದೆ, ಸೆನ್ಸರೂ ಹೋಗುತ್ತದೆ. ಬಾಗಿದ ಸ್ಕ್ರೀನ್ ಇರುವವರಿಗೆ ಬೇರೆ ದಾರಿ ಕಡಿಮೆ. ಮಾಡಿಸಿಕೊಳ್ಳುವುದೇ ಆದರೆ ಜಾಲರಿಗೆ ಟೇಪ್ ಹಾಕಿಸಿ.

ಗ್ಲಾಸ್ ಇಲ್ಲದ ಫೋನಾದರೆ ಕೊಳೆ ನೋಡಿ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಹಣೆಯ ಕುಂಕುಮ, ವಿಭೂತಿ, ಸನ್‌ಸ್ಕ್ರೀನ್, ಬೆವರು ಎಲ್ಲ ಸೇರಿ ಇಯರ್‌ಪೀಸಿನ ಸಂದಿಯಲ್ಲಿ ಬೂದು ಬಣ್ಣದ ಒಂದು ಪದರ ಕಟ್ಟುತ್ತದೆ. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟರೆ ಕಾಣುತ್ತದೆ. ಮೆತ್ತನೆ ಬ್ರಶ್ಶಿನಿಂದ ಒಣಗಿದ್ದಾಗಲೇ ಕೆದಕಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪವೇ ತಾಗಿಸಿದ ಬಟ್ಟೆಯಿಂದ ಒರೆಸಿ. ಸೂಜಿ, ಗುಂಡುಪಿನ್ನು ಬೇಡ, ಜಾಲರಿ ಹರಿಯುತ್ತದೆ. ಮಲೆನಾಡು, ಕರಾವಳಿಯವರಿಗೆ ಮಳೆಗಾಲದಲ್ಲಿ ಗಾಜಿನ ಒಳಗೇ ತೇವ ಮಂಜಾಗಿ ಕೂರುವುದುಂಟು. ಬೆಳಿಗ್ಗೆ ತೊಂದರೆ, ಮಧ್ಯಾಹ್ನ ಸರಿ ಎಂಬಂತಿದ್ದರೆ ಅನುಮಾನಿಸಿ. ಫೋನನ್ನು ಒಲೆಯ ಬಳಿ ಇಡಬೇಡಿ, ಅಕ್ಕಿಯೊಳಗೆ ಹುಗಿಯುವುದೂ ಬೇಡ, ಹೊಟ್ಟು ಸೇರಿಕೊಳ್ಳುತ್ತದೆ.

ಬಿರುಬಿಸಿಲಿನಲ್ಲಿ ಮಾತ್ರ ಸೆನ್ಸರ್ ಎಡವಟ್ಟು ಮಾಡಿದರೆ ತಲೆಕೆಡಿಸಿಕೊಳ್ಳಬೇಡಿ. ಸೂರ್ಯನ ಬೆಳಕಿನಲ್ಲೂ ಇನ್‌ಫ್ರಾರೆಡ್ ಧಾರಾಳ, ಡಯೋಡ್ ತಬ್ಬಿಬ್ಬಾಗುತ್ತದೆ.

ಆರಲೇಬೇಕಾದಾಗ ಆರದ ಸ್ಕ್ರೀನ್

ಇದು ತಿರುವುಮುರುವು ದೋಷ: ಕಿವಿಗಿಟ್ಟರೂ ಸ್ಕ್ರೀನ್ ಉರಿಯುತ್ತಲೇ ಇದ್ದು, ಕೆನ್ನೆ ತಾಗಿ ಮ್ಯೂಟ್ ಆಗುತ್ತದೆ, ಹೋಲ್ಡ್‌ಗೆ ಹೋಗುತ್ತದೆ. ‘ಹಲೋ, ಕೇಳ್ತಿದೆಯಾ’ ಎಂದು ಎರಡೂ ಕಡೆಯವರು ಕೂಗಾಡುತ್ತಾರೆ. ಎಲ್‌ಇಡಿ ಸತ್ತಿದೆಯೇ ಎಂದು ತಿಳಿಯಲು ಇಯರ್‌ಪೀಸ್‌ನಲ್ಲಿ ಕಾಲ್ ಹಾಕಿ, ಇನ್ನೊಂದು ಫೋನಿನ ಸೆಲ್ಫಿ ಕ್ಯಾಮೆರಾದಿಂದ ಸೆನ್ಸರ್ ಕಿಂಡಿಯನ್ನು ಕತ್ತಲ ಕೋಣೆಯಲ್ಲಿ ನೋಡಿ. ಎಷ್ಟೋ ಸೆಲ್ಫಿ ಕ್ಯಾಮೆರಾಗಳಿಗೆ ಇನ್‌ಫ್ರಾರೆಡ್ ಒಂದಿಷ್ಟು ಕಾಣುತ್ತದೆ. ನೇರಳೆಯೋ ಬಿಳಿಯೋ ಒಂದು ಚುಕ್ಕೆ ಮಿಣುಕಿದರೆ ಎಲ್‌ಇಡಿ ಬದುಕಿದೆ. ಟಿವಿ ರಿಮೋಟನ್ನು ಮೊದಲು ಹೀಗೇ ನೋಡಿ, ನಿಮ್ಮ ಕ್ಯಾಮೆರಾಗೆ ಆ ಕಣ್ಣಿದೆಯೋ ಇಲ್ಲವೋ ತಿಳಿಯುತ್ತದೆ.

ಕಪ್ಪು ಕೂದಲು ಇನ್‌ಫ್ರಾರೆಡ್ ಬೆಳಕನ್ನು ಚರ್ಮದಷ್ಟು ಹಿಂದಿರುಗಿಸುವುದಿಲ್ಲ. ಕಿವಿಯ ಮೇಲೆ ದಟ್ಟ ಕೂದಲಿದ್ದರೆ ಒಳ್ಳೆಯ ಸೆನ್ಸರ್ ಕೂಡ ‘ದೂರ’ ಎನ್ನಬಹುದು. ಬಿಳಿ ಹಾಳೆ ತಂದರೆ ಕೆಲಸ ಮಾಡಿ ಕೂದಲಿಗೆ ಮಾಡದಿದ್ದರೆ ರಿಪೇರಿ ಬೇಕಿಲ್ಲ. ಅಂದಹಾಗೆ, ಈ ತೊಂದರೆಗೆ ದೊಡ್ಡ ಕಂಪನಿ, ಸಣ್ಣ ಕಂಪನಿ ಎಂಬ ಭೇದವಿಲ್ಲ. 2010ರ ಐಫೋನ್ 4ರಲ್ಲಿ ಕೆನ್ನೆ ತಾಗಿ ಕಾಲ್ ಕಟ್ ಆಗುತ್ತದೆಂಬ ದೂರು ಎದ್ದು, ಅದೇ ಸೆಪ್ಟೆಂಬರ್‌ನ ಐಒಎಸ್ 4.1ರಲ್ಲಿ ಆಪಲ್ ಪ್ರಾಕ್ಸಿಮಿಟಿ ಸೆನ್ಸರಿನ ನಡತೆ ತಿದ್ದಿತು.

ಸೆನ್ಸರೇ ಇಲ್ಲದ ಫೋನ್‌ಗಳು

ಕಿಂಡಿ ಹುಡುಕಿ ಹುಡುಕಿ ಸಿಗದಿದ್ದರೆ ಎರಡು ಸಾಧ್ಯತೆ. ಒಂದು, ಸೆನ್ಸರ್ ಅಮೊಲೆಡ್ ಪರದೆಯ ಅಡಿಯಲ್ಲಿದೆ. ಗ್ಯಾಲಕ್ಸಿ ಎಸ್10ನಲ್ಲಿ ಕಾಲ್ ವೇಳೆ ಮೇಲ್ಭಾಗದಲ್ಲಿ ಮಿನುಗುವ ಬಿಳಿ ಚುಕ್ಕೆ ಅದೇ. ಡೆಡ್ ಪಿಕ್ಸೆಲ್ ಎಂದು ಗಾಬರಿಬಿದ್ದು ಸರ್ವಿಸ್ ಸೆಂಟರ್‌ಗೆ ಓಡಬೇಡಿ.

ಇನ್ನೊಂದು, ಇನ್‌ಫ್ರಾರೆಡ್ ಸೆನ್ಸರ್ ಇಲ್ಲವೇ ಇಲ್ಲ. 2016ರ ಶಿಯೋಮಿ ಮಿ ಮಿಕ್ಸ್‌ನಲ್ಲಿ ನಾರ್ವೆಯ ಎಲ್ಲಿಪ್ಟಿಕ್ ಲ್ಯಾಬ್ಸ್‌ನ ಅಲ್ಟ್ರಾಸೌಂಡ್ ತಂತ್ರ ಬಂತು: ಕಿವಿಗೆ ಕೇಳದ ಸದ್ದು ಹೊರಡಿಸಿ, ಮರುದನಿಯನ್ನು ಮೈಕಿನಿಂದ ಹಿಡಿದು ದೂರ ಅಂದಾಜಿಸುವುದು. ಆಮೇಲೆ ಎಷ್ಟೋ ಫೋನ್‌ಗಳು ಇದೇ ದಾರಿ ಹಿಡಿದವು. ಸ್ಯಾಮ್‌ಸಂಗ್‌ನ ಎಷ್ಟೋ ಎ ಸರಣಿ ಫೋನ್‌ಗಳದ್ದು ವರ್ಚುವಲ್ ಸೆನ್ಸಿಂಗ್. ಟಚ್ ಪರದೆಗೆ ಕಿವಿ ತಾಗಿದ ಬಗೆ, ಫೋನ್ ವಾಲಿದ ಬಗೆ ನೋಡಿ ಊಹೆ. ಸಿಪಿಯು-ಝಡ್‌ನಲ್ಲಿ ಸೆನ್ಸರಿನ ಹೆಸರಿನ ಜಾಗದಲ್ಲಿ ‘ಎಲ್ಲಿಪ್ಟಿಕ್’ ಎಂದೋ ‘ಇಯರ್ ಹೋವರ್’ ಎಂದೋ ಇದ್ದರೆ ನಿಮ್ಮದು ಈ ಜಾತಿ. ಇಂಥವುಗಳಲ್ಲಿ ಎಣ್ಣೆ ಕೊಳೆ ಒರೆಸಿ ಪ್ರಯೋಜನ ಕಡಿಮೆ. ಮೇಲಿನ ಮೈಕ್ ತೂತು, ಇಯರ್‌ಪೀಸ್ ಕಟ್ಟಿಕೊಂಡಿದೆಯೇ ನೋಡಿ. ಕವರಿನ ಅಂಚು ತೂತಿಗೆ ಅಡ್ಡ ಬಂದಿದೆಯೇ ನೋಡಿ. ದಪ್ಪ ಗ್ಲಾಸ್ ಹಾಕಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಟಚ್ ಸೆನ್ಸಿಟಿವಿಟಿ ಏರಿಸಿ. ಇಷ್ಟೆಲ್ಲ ಮಾಡಿದರೂ ಈ ಬಗೆಯ ಸೆನ್ಸಿಂಗ್ ಕೆಲವೊಮ್ಮೆ ತಪ್ಪುತ್ತದೆ. ಒಂದು ಅಗ್ಗದ ಬಿಡಿಭಾಗ ಉಳಿಸಲು ಹೋಗಿ ಕಂಪನಿಗಳು ಗ್ರಾಹಕರ ತಲೆಗೆ ಕಟ್ಟಿದ ಕಿರಿಕಿರಿ ಇದು ಎಂಬುದು ನನ್ನ ಅಭಿಪ್ರಾಯ.

ಕ್ಯಾಲಿಬ್ರೇಶನ್, ಫ್ಯಾಕ್ಟರಿ ರೀಸೆಟ್

ಶಿಯೋಮಿಯ ಸಿಐಟಿ ಪಟ್ಟಿಯಲ್ಲಿ ಪ್ರಾಕ್ಸಿಮಿಟಿ ಕ್ಯಾಲಿಬ್ರೇಶನ್ ಇರುವ ಮಾಡೆಲ್‌ಗಳುಂಟು. ಗಾಜಿನಿಂದ ಹಿಂದಿರುಗುವ ಬೆಳಕನ್ನು ಹೊಸದಾಗಿ ಅಳೆದು ಬರೆದಿಡುವುದು ಅದರ ಕೆಲಸ. ಮುಂದೆಯೂ ಬಳಸುವ ಗ್ಲಾಸನ್ನು ಅಂಟಿಸಿಕೊಂಡೇ ಮಾಡಿ, ನೆರಳಿನಲ್ಲಿ ಮಾಡಿ, ಫೋನಿನ ಮುಂದೆ ಕೈ ಮುಖ ತರಬೇಡಿ. ಮುಖ ಬಗ್ಗಿಸಿ ನೋಡುತ್ತಾ ಕ್ಯಾಲಿಬ್ರೇಟ್ ಮಾಡಿದರೆ ಮುಖವನ್ನೇ ‘ಏನೂ ಇಲ್ಲ’ ಎಂದು ಬರೆದುಕೊಳ್ಳುತ್ತದೆ.

ಅಂಗಡಿಯವರು ಮೊದಲು ಹೇಳುವ ಫ್ಯಾಕ್ಟರಿ ರೀಸೆಟ್ ನನ್ನ ಪಟ್ಟಿಯಲ್ಲಿ ಕಟ್ಟಕಡೆಯದು. ಕ್ಯಾಲಿಬ್ರೇಶನ್ ಅಂಕಿಗಳು ಸಾಮಾನ್ಯವಾಗಿ ರೀಸೆಟ್ ಮುಟ್ಟದ ಬೇರೆ ಭಾಗದಲ್ಲಿರುತ್ತವೆ. ಫೋಟೊ ಹೋಗುತ್ತದೆ, ದೋಷ ಉಳಿಯುತ್ತದೆ. ಸಿಸ್ಟಮ್ ಅಪ್‌ಡೇಟ್ ಆದ ದಿನವೇ ಶುರುವಾದ ತೊಂದರೆಯಾದರೆ ಮುಂದಿನ ಅಪ್‌ಡೇಟ್‌ಗೆ ಕಾಯುವುದು ಮೇಲು.

ಆಫ್ ಮಾಡಲೇಬೇಕು ಎಂದರೆ

ಹಳೆಯ ಸ್ಯಾಮ್‌ಸಂಗ್‌ಗಳಲ್ಲಿ, ಶಿಯೋಮಿಯ ಸ್ವಂತ ಡಯಲರ್ ಇರುವ ಮಿಯುಐ (ಆಂಡ್ರಾಯ್ಡ್‌ಗೆ ಶಿಯೋಮಿ ಕೊಟ್ಟ ರೂಪ) ಫೋನ್‌ಗಳಲ್ಲಿ ಕಾಲ್ ಸೆಟ್ಟಿಂಗ್ಸ್‌ನೊಳಗೇ ಇದಕ್ಕೊಂದು ಸ್ವಿಚ್ ಇತ್ತು. ಗೂಗಲ್‌ನ ಫೋನ್ ಆ್ಯಪ್‌ನಲ್ಲಿ ಅಂಥದ್ದಿಲ್ಲ. ಭಾರತದಲ್ಲಿ ಮಾರಾಟವಾಗುವ ಎಷ್ಟೋ ಬ್ರ್ಯಾಂಡ್‌ಗಳು ಈಗ ಅದನ್ನೇ ಕೊಡುವುದರಿಂದ ‘ಸೆಟ್ಟಿಂಗ್ಸ್‌ನಲ್ಲಿ ಹುಡುಕಿ’ ಎಂಬ ಹಳೆಯ ಸಲಹೆ ನಡೆಯುವುದಿಲ್ಲ. ಪಾಕೆಟ್ ಮೋಡ್ ಎಂಬುದು ಕಾಣಿಸಬಹುದು, ಅದು ಜೇಬಿನಲ್ಲಿದ್ದಾಗ ಲಾಕ್ ಸ್ಕ್ರೀನ್ ಎಚ್ಚರಗೊಳ್ಳದಂತೆ ತಡೆಯಲು. ಕಾಲ್‌ಗೂ ಅದಕ್ಕೂ ಸಂಬಂಧವಿಲ್ಲ.

ಸರಿಯಾಗಿ ಕೆಲಸ ಮಾಡುವ ದಾರಿ, ಡಯಲರ್ ಬದಲಾಯಿಸುವುದು. ಸ್ಕ್ರೀನ್ ಆರಿಸಲು ಹೇಳುವುದೇ ಆ್ಯಪ್ ಆದ್ದರಿಂದ, ಹಾಗೆ ಹೇಳದ ಆ್ಯಪ್ ಇಟ್ಟುಕೊಂಡರೆ ಸಾಕು. ಫಾಸಿಫೈ ಫೋನ್ ಅಂಥದ್ದೊಂದು. ಸಿಂಪಲ್ ಡಯಲರ್ ಎಂಬ ಮುಕ್ತ ಆ್ಯಪ್ ಇತ್ತು, 2023ರ ಕೊನೆಯಲ್ಲಿ ಆ ಬಳಗದ ಆ್ಯಪ್‌ಗಳು ಬೇರೆ ಕಂಪನಿಗೆ ಮಾರಾಟವಾದಾಗ ಕವಲೊಡೆದು ಬಂದ ಆವೃತ್ತಿ ಇದು. ಎಫ್-ಡ್ರಾಯ್ಡ್ ಎಂಬ ಮುಕ್ತ ಆ್ಯಪ್‌ಗಳ ಸ್ಟೋರಿನಿಂದ ಹಾಕಿಕೊಂಡು, ಡೀಫಾಲ್ಟ್ ಫೋನ್ ಆ್ಯಪ್ ಮಾಡಿ, ಅದರ ಸೆಟ್ಟಿಂಗ್ಸ್‌ನಲ್ಲಿ ಕಾಲ್ ವೇಳೆ ಪ್ರಾಕ್ಸಿಮಿಟಿ ಸೆನ್ಸರ್ ನಿಲ್ಲಿಸುವ ಆಯ್ಕೆಗೆ ಟಿಕ್ ಹಾಕಿ. ಹಳೆಯ ಡಯಲರ್‌ನಲ್ಲಿದ್ದ ಸ್ಪ್ಯಾಮ್ ಎಚ್ಚರಿಕೆಯಂಥ ಅನುಕೂಲಗಳು ಹೋಗುತ್ತವೆ. ವಾಟ್ಸಾಪ್ ಕಾಲ್‌ಗೆ ಇದು ತಾಗುವುದಿಲ್ಲ. ಇನ್ನು ಕೆನ್ನೆಯ ಕಾಟ ಇದ್ದದ್ದೇ, ಸ್ಕ್ರೀನ್ ಆರದಲ್ಲ.

ಡೆವಲಪರ್ ಆಪ್ಷನ್ಸ್ ಎಂಬ ಅಡಗಿಸಿಟ್ಟ ಸೆಟ್ಟಿಂಗ್ಸ್ ಪಟ್ಟಿಯ ಕ್ವಿಕ್ ಸೆಟ್ಟಿಂಗ್ಸ್ ಟೈಲ್‌ಗಳಲ್ಲಿ ‘ಸೆನ್ಸರ್ಸ್ ಆಫ್’ ಎಂಬುದನ್ನು ಆಂಡ್ರಾಯ್ಡ್ 10ರಿಂದ ಕೊಟ್ಟಿದ್ದಾರೆ. ಅದನ್ನು ಒತ್ತಿದರೆ ಕ್ಯಾಮೆರಾ, ಮೈಕ್ ಸಮೇತ ಎಲ್ಲ ಬಂದ್. ಕಾಲ್ ಮಾಡುವವರಿಗೆ ಮೈಕ್ ಇಲ್ಲದ ಫೋನ್ ಯಾಕೆ? ಪರೀಕ್ಷೆಗೆ ಮಾತ್ರ ಬಳಸಿ: ಇದು ಆನ್ ಇದ್ದಾಗಲೂ ಕಾಲ್‌ನಲ್ಲಿ ಸ್ಕ್ರೀನ್ ಮೊದಲಿನಂತೆಯೇ ಆರಿದರೆ ಅನುಮಾನವನ್ನು ಡಿಸ್‌ಪ್ಲೇ ಕಡೆಗೆ ತಿರುಗಿಸಬಹುದು.

‘ಒಂದೇ ಕ್ಲಿಕ್ಕಿನಲ್ಲಿ ಪ್ರಾಕ್ಸಿಮಿಟಿ ಆಫ್’ ಎಂದು ಬರುವ ಆ್ಯಪ್‌ಗಳನ್ನು ಹಾಕಬೇಡಿ. ರೂಟ್ ಮಾಡದ (ಸಿಸ್ಟಮ್‌ನ ಪೂರ್ತಿ ಹಿಡಿತ ಪಡೆಯದ) ಫೋನಿನಲ್ಲಿ ಇನ್ನೊಂದು ಆ್ಯಪಿನ ಕೋರಿಕೆಯನ್ನು ರದ್ದು ಮಾಡುವ ಅಧಿಕಾರ ಅವಕ್ಕಿಲ್ಲ, ಆದರೂ ಆಕ್ಸೆಸಿಬಿಲಿಟಿ ಅನುಮತಿ ಕೇಳುತ್ತವೆ. ಆ ಅನುಮತಿ ಕೊಟ್ಟರೆ ಸ್ಕ್ರೀನಿನ ಮೇಲೆ ಬರುವ ಒಟಿಪಿಯನ್ನೂ ಓದಬಹುದು.

ಐಫೋನ್‌ನಲ್ಲಿ ಸ್ವಿಚ್ ಇಲ್ಲ, ಬೇರೆ ಡಯಲರ್‌ನ ಉಪಾಯವೂ ನಡೆಯದು. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಟಚ್, ಕಾಲ್ ಆಡಿಯೊ ರೂಟಿಂಗ್‌ಗೆ ಹೋಗಿ ಸ್ಪೀಕರ್ ಆಯ್ಕೆ ಮಾಡಿಟ್ಟರೆ ಪ್ರತಿ ಕಾಲೂ ಸ್ಪೀಕರ್‌ನಲ್ಲೇ ಶುರುವಾಗುತ್ತದೆ. ಮನೆಯೊಳಗೆ ಸರಿ, ಬಸ್ಸಿನಲ್ಲಿ ಕಷ್ಟ.

ಡಿಸ್‌ಪ್ಲೇ ಬದಲಾಯಿಸಿದ ಮೇಲೆ ಶುರುವಾದದ್ದಾದರೆ

ಎಲ್‌ಇಡಿಗೂ ಡಯೋಡಿಗೂ ನಡುವೆ ಕಡಲೆಕಾಳಿಗಿಂತ ಚಿಕ್ಕದೊಂದು ಕಪ್ಪು ರಬ್ಬರ್ ಇರುತ್ತದೆ. ಎಲ್‌ಇಡಿ ಬೆಳಕು ಪಕ್ಕದಿಂದಲೇ ಡಯೋಡಿಗೆ ನುಸುಳದಿರಲಿ ಎಂಬುದಷ್ಟೇ ಅದರ ಕೆಲಸ. ಹಳೆಯ ಡಿಸ್‌ಪ್ಲೇ ಕೀಳುವಾಗ ಅದು ಅದಕ್ಕೇ ಅಂಟಿಕೊಂಡು ಕಸದ ಬುಟ್ಟಿ ಸೇರಿದರೆ ಹೊಸ ಕಾಂಬೋ (ಗಾಜು, ಡಿಸ್‌ಪ್ಲೇ ಸೇರಿದ ಒಂದೇ ಭಾಗ) ಹಾಕಿದ ಫೋನ್ ಸದಾ ‘ಹತ್ತಿರ’. ಕಾಪಿ ಕಾಂಬೋಗಳ ತೊಂದರೆ ಬೇರೆ: ಸೆನ್ಸರ್ ಕಿಂಡಿಗೆ ಇನ್‌ಫ್ರಾರೆಡ್ ಹಾಯಲು ಬಿಡುವ ವಿಶೇಷ ಶಾಯಿ ಬಳಿಯುವ ಬದಲು ಮಾಮೂಲಿ ಕಪ್ಪು ಬಳಿದಿದ್ದರೆ ಬೆಳಕು ಹೊರಗೇ ಬಾರದು. ಕಿಂಡಿಯ ಬಣ್ಣ ಹಳೆಯ ಡಿಸ್‌ಪ್ಲೇನಲ್ಲಿ ಟಾರ್ಚ್‌ಗೆ ಕಡುಗೆಂಪಾಗಿಯೋ ನೇರಳೆಯಾಗಿಯೋ ಕಂಡು, ಹೊಸದರಲ್ಲಿ ಮಸಿಯಂತೆ ಕಂಡರೆ ಇದೇ ಸಂಗತಿ ಇರಬಹುದು.

ಬೆಂಗಳೂರಿನ ಎಸ್‌ಪಿ ರೋಡ್ ಆಗಲಿ, ನಿಮ್ಮೂರಿನ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಾಗಲಿ, ಡಿಸ್‌ಪ್ಲೇ ಹಾಕಿಸುವಾಗ ಗಮ್ ಹಚ್ಚುವ ಮುಂಚೆ ಹೊಸ ಕಾಂಬೋದ ಸ್ಟ್ರಿಪ್ ಬರೀ ಕನೆಕ್ಟ್ ಮಾಡಿಸಿ ಫೋನ್ ಆನ್ ಮಾಡಿಸಿ. ಗಾಜು ಫ್ರೇಮಿನ ಮೇಲೆ ಸರಿಯಾಗಿ ಕೂತಿರಲಿ, ಸೆನ್ಸರ್ ಕಿಂಡಿ ಸೆನ್ಸರಿನ ಮೇಲೆಯೇ ಬರಲಿ. *#0*# ಅಥವಾ ನಿಮ್ಮ ಫೋನಿನ ಕೋಡ್ ಒತ್ತಿ ಬಿಳಿ ಹಾಳೆ ತಂದು, ತೆಗೆದು, ಅಂಕಿ ಏರಿ ಇಳಿಯುವುದನ್ನು ನೋಡಿ. ರಬ್ಬರ್ ಎಲ್ಲಿ ಎಂದು ಕೇಳಿ. ಬಿ-7000 ಗಮ್ ಒಣಗಿದ ಮೇಲೆ ಕೇಳಿದರೆ ಗಾಜು ಮತ್ತೆ ಬಿಸಿ ಮಾಡಿ ಎಬ್ಬಿಸಬೇಕು, ಆಗ ಒಡೆದರೆ ಯಾರ ಲೆಕ್ಕಕ್ಕೆ ಎಂಬ ಜಗಳವೂ ಶುರು.